ಮಾವನ ಕೋವಿಯ ಏಳು ಹಕ್ಕಿಗಳು

ನನ್ನ ಸೋದರಮಾವನ ಹತ್ತಿರ ಕೋವಿ ಇದೆ ಎಂದು ಕೇಳಿದರೆ ಹೊಳೆನರಸೀಪುರದ ಕಾಗೆಗಳೂ ನಗುತ್ತಿದ್ದವು. ಮಾವ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಇರುವೆ ಸಾಲು ಅಡ್ಡ ಬಂದರೆ ನಿಂತು ದಾರಿ ಬಿಡುವವರು. ಅಂಥವರಿಗೆ ಅವರ ತಂದೆಯಿಂದ ಬಂದದ್ದು ಜೋಡಿ ನಳಿಗೆಯ ಒಂದು ವಿಲಾಯಿತಿ ಕೋವಿ! ಮನೆಯಲ್ಲಿ ಗುಂಡು ಮಾತ್ರ ಒಂದೂ ಇರಲಿಲ್ಲ.

"ಗುಂಡೇ ಇಲ್ಲದ ಮೇಲೆ ಇದ್ಯಾತಕ್ಕೆ ಮಾವ?" ಎಂದು ಒಮ್ಮೆ ಕೇಳಿದ್ದೆ.

"ಗೋಡೆಗೆ ಹಾಕಿರೋ ಚಿತ್ರಕ್ಕೆ ಗುಂಡು ತುಂಬ್ತಾರೇನೇ?"

ಅವರಿಗೆ ಅದು ಚಿತ್ರವೇ. ಕೋವಿಯ ಪಕ್ಕದ ಉಕ್ಕಿನ ತಗಡಿನಲ್ಲಿ ಯಾರೋ ಪುಣ್ಯಾತ್ಮ ಉಳಿ ಹಿಡಿದು ಕೆರೆ, ಜೊಂಡು, ಮುಂಗಾಲೆತ್ತಿ ನಿಂತ ಒಂದು ನಾಯಿ, ಏಳು ಹಕ್ಕಿಗಳನ್ನು ಕೆತ್ತಿದ್ದ. ಮನೆಗೆ ಬಂದವರ ಕೈಗೆ ಕಾಫಿಗಿಂತ ಮೊದಲು ಭೂತಗನ್ನಡಿ ಬರುತ್ತಿತ್ತು. "ಅಚ್ಚು ಒತ್ತಿದ ಹಕ್ಕಿ ಅಂಟಿಕೊಂಡಿರತ್ತೆ, ಕೈಯಲ್ಲಿ ಕೆತ್ತಿದ್ದು ಹಾರತ್ತೆ. ರೆಕ್ಕೆಯ ಗೆರೆ ನೋಡಿ, ಕೂದಲಿಗಿಂತ ಸಣ್ಣ! ಸಂಗ್ರಹ ಮಾಡೋರು ಬೆಲೆ ಕಟ್ಟೋದು ಈ ಗೆರೆಗೆ, ಕೋವಿಗಲ್ಲ." ಅರಕಲಗೂಡಿನ ಒಂದು ಮದುವೆಯಲ್ಲಿ ಈ ಗೆರೆಯ ವರ್ಣನೆ ತಾಳಲಾರದೆ ಪಕ್ಕದ ಎಲೆಯವರು ಪಾಯಸ ಬಿಟ್ಟು ಎದ್ದರಂತೆ. ಉತ್ಪ್ರೇಕ್ಷೆ ಇದ್ದೀತು, ಹೇಳಿದ್ದು ಅತ್ತೆ.

ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ತೊಂಬತ್ತರ ದಶಕದಲ್ಲಿ ಚುನಾವಣೆಗಳಿಗೇನು ಬರವೇ? ಪ್ರತಿ ಸಲವೂ ಮಾವ ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಹೊರಡುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ.

"ನಂಬರ್ ಬರ್ದಿವ್ನಿ ಸಾ, ರಸೀತಿ ತಕಳಿ," ಎಂದ ಹೆಡ್ ಕಾನ್‌ಸ್ಟೇಬಲ್.

"ಹಕ್ಕಿಗಳನ್ನೇ ಬರೆದಿಲ್ಲವಲ್ಲ!"

"ಅವುನ್ನೂ ಬರೀಬೇಕಾ? ಎಷ್ಟವೆ?"

"ಏಳು. ಒಂದು ಜೊಂಡಿನ ಹಿಂದಿದೆ."

"ಇಂದ್ಗಡೆ ಇರೋದು ನಂಗೆಂಗ್ ಕಂಡಾತು ಸಾ?"

ಮಾವ ಭೂತಗನ್ನಡಿ ಚಾಚಿದರು. ಆತ ಬಗ್ಗಿ ನೋಡಿದ. "ಅಯ್ಯೋ, ಅದ್ಕೆ ಕಣ್ಣೂ ಮಡಗವ್ನಲ್ಲ ಸಾ! ಲೇ, ಬಾರ್ಲಾ ಇಲ್ಲಿ!" ಎಂದು ಇಡೀ ಠಾಣೆಯನ್ನೇ ಕರೆದ. ರಸೀತಿಯಲ್ಲಿ 'ನಾಯಿ ಒಂದು, ಹಕ್ಕಿ ಏಳು' ಎಂದು ದಾಖಲಾಯಿತು.

ಮಾವನಿಗೆ ಇದ್ದದ್ದು ಒಂದೇ ಆಸೆ. ಬಲ್ಲವರೊಬ್ಬರು ಕಣ್ಣಾರೆ ನೋಡಿ, ಇದು ಪಳಗಿದ ಕೈಯ ಕೆಲಸ ಎನ್ನಬೇಕು. ವರ್ಷಗಟ್ಟಲೆ ಕಾಗದ ಬರೆದ ಮೇಲೆ ಮೈಸೂರಿನ ಸಂಗ್ರಾಹಕರೊಬ್ಬರು ದಸರಾ ಮುಗಿದ ವಾರ ಬರಲು ಒಪ್ಪಿದರು.

ಆ ವರ್ಷ ನಾನು ಎಂ.ಎ. ಓದುತ್ತಿದ್ದೆ. ಅಂದರೆ ಕೆಲಸಕ್ಕೆ ಬಾರದ ಬುದ್ಧಿ ಬೇಕಾದಷ್ಟಿತ್ತು! ಆಯುಧಪೂಜೆಯ ಬೆಳಿಗ್ಗೆ ಮಾವ ಹೂ ತರಲು ಹೋಗಿದ್ದರು. ಅತ್ತೆ ಹಿತ್ತಲಲ್ಲಿ ಸೈಕಲ್ಲು, ಈಳಿಗೆಮಣೆ ತೊಳೆಯುತ್ತಿದ್ದರು. ಪೂಜೆಗೆಂದು ಬೀರುವಿನಿಂದ ತೆಗೆದಿಟ್ಟಿದ್ದ ಕೋವಿ ನನ್ನ ಕಣ್ಣಿಗೆ ಮಂಕಾಗಿ ಕಂಡಿತು. ಹುಣಸೆಹಣ್ಣು, ಬೂದಿ ಹಾಕಿ ದೀಪದ ಕಂಬ ತಿಕ್ಕಿದ ಹಾಗೆ ತಿಕ್ಕಿದೆ. ಸಾಲದ್ದಕ್ಕೆ ಉಪ್ಪುಕಾಗದ ಬೇರೆ! ಫಳಫಳ ಎಂದಿತು. ಕುಂಕುಮ ಇಟ್ಟು ಶಭಾಸ್‌ಗಿರಿಗಾಗಿ ಕಾದು ಕೂತೆ.

ಮಾವ ಬಂದು ಹೂವಿನ ಚೀಲ ಕೆಳಗಿಟ್ಟು ನೋಡಿದರು. "ತುಂಬಾ ಹೊಳೀತಾ ಇದೆ ಕಣೇ," ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ!

ಸಂಗ್ರಾಹಕರು ಬಂದರು. ಭೂತಗನ್ನಡಿ ಹಿಡಿದವರೇ ಮುಖ ಕಿವುಚಿದರು. "ಯಾರ್ರೀ ಇದನ್ನ ಉಜ್ಜಿದ್ದು? ಸಣ್ಣ ಗೆರೆಗಳೆಲ್ಲ ಸವೆದುಹೋಗಿವೆ. ಇನ್ನು ಕೈಕೆಲಸವೋ ಅಚ್ಚೋ, ನಾನು ಹೇಗ್ರೀ ಹೇಳಲಿ? ಯಾವ ಮುಠ್ಠಾಳ ಮಾಡಿದ್ದು?"

ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ನಾನೇ," ಎಂದರು ಮಾವ. "ಹಬ್ಬ ಅಲ್ವೇ, ಆಸೆ ಆಯ್ತು."

ಕೆತ್ತನೆಯ ಬೆಲೆ ಏನು, ಅದನ್ನು ಕಾಪಾಡುವುದು ಹೇಗೆ ಎಂದು ಸಂಗ್ರಾಹಕರು ಅರ್ಧ ಗಂಟೆ ಪಾಠ ಮಾಡಿದರು. ಊರಿಗೆಲ್ಲ ಅದೇ ಪಾಠ ಹೇಳಿದ್ದ ಮಾವ ಕೈಕಟ್ಟಿ ಕೂತು, "ಹೌದಾ? ಹೌದಾ?" ಎಂದು ಕೇಳಿದರು.

ನಡುವೆ ಒಮ್ಮೆ ನನ್ನ ಕಡೆ ನೋಡಿ ಸಣ್ಣಗೆ ನಕ್ಕರು ಎಂದು ನೆನಪು. ನಂಬಲಾರೆ, ಅದು ನನಗೆ ಬಹಳ ಅನುಕೂಲವಾದ ನೆನಪು. ಅಂದಿನ ಡೈರಿಯಲ್ಲಿರುವುದು 'ನಾನು ಬಾಯಿ ಬಿಡಲಿಲ್ಲ' ಎಂಬ ಒಂದೇ ಸಾಲು.

ಇಂದಿಗೂ ನಾನು ನೆನೆದು ಕೈಮುಗಿಯುವುದು ಅದರ ಮರುವರ್ಷದ ಆಯುಧಪೂಜೆಗೆ. ಅದರಲ್ಲಿ ಅನುಮಾನವಿಲ್ಲ, ಅಂದೇ ಬರೆದಿಟ್ಟಿದ್ದೇನೆ. ಮಾವ ಕೋವಿಯನ್ನು ತಂದು ನನ್ನ ಮಡಿಲಲ್ಲಿಟ್ಟರು. ಹಳೆಯ ಪಂಚೆಯ ಮೆತ್ತನೆ ತುಂಡು, ಒಂದು ತೊಟ್ಟು ಎಣ್ಣೆ ಕೊಟ್ಟರು.

"ಒರೆಸಮ್ಮ. ಇದು ನಿನ್ನ ಕೆಲಸ."

ಆಮೇಲೆ ಚೀಲ ಹಿಡಿದು ಹೂ ತರಲು ಹೊರಟರು. ಬಾಗಿಲು ದಾಟುವಾಗ ತಿರುಗಿಯೂ ನೋಡಲಿಲ್ಲ.