ಮಗ್ಗ ಸ್ವಲ್ಪ ನಿಲ್ಲಿಸಿ

ನನ್ನ ಹೊಟ್ಟೆಪಾಡು ನಡೆಯುವುದು ಕಿವಿಯಿಂದ. ಬಾಗಲಕೋಟೆಯ ಕಾಲೇಜೊಂದರಲ್ಲಿ ಸಮಾಜಕಾರ್ಯ ಕಲಿಸುತ್ತೇನೆ, ಉಳಿದ ಹೊತ್ತಿನಲ್ಲಿ ಗುಣಾತ್ಮಕ ಸಂಶೋಧನೆ ಮಾಡುತ್ತೇನೆ. ಗುಣಾತ್ಮಕ ಎಂದರೆ ತಲೆ ಎಣಿಸುವುದಲ್ಲ, ಆ ತಲೆಯೊಳಗೆ ಏನಿದೆ ಎಂದು ಕೂತು ಕೇಳುವುದು. ಪಕ್ಕದ ಟೇಬಲ್ಲಿನ ಅಂಕಿಸಂಖ್ಯೆಯ ಮಾಸ್ತರರು ಇದನ್ನು ಒಪ್ಪುವುದಿಲ್ಲ. "ಮಂದಿ ಮನಿ ಸುದ್ದಿ ಕೇಳಾಕ ಪಗಾರ ತಗೊಳ್ಳಾವ್ರು ನೀವೊಬ್ಬರ ನೋಡ್ರಿ" ಎನ್ನುತ್ತಾರೆ. ಆದರೂ ಹೊರಗೆ ನನ್ನ ಕಿವಿಗೆ ಒಂದು ಮರ್ಯಾದೆಯಿದೆ. ಮನೆಯಲ್ಲಿಲ್ಲ. ನನ್ನ ಹೆಂಡತಿ ಶಾರದಾ, ಅವಳೂ ಶಾಲೆಯ ಟೀಚರು, ಏನಾದರೂ ಮುಖ್ಯವಾದದ್ದು ಹೇಳುವುದಿದ್ದರೆ ಸರಿಯಾಗಿ ಮಿಕ್ಸಿ ಓಡುವಾಗಲೇ ಹೇಳುತ್ತಾಳೆ. "ಬಂದ್ ಮಾಡ ಅದನ್ನ, ಕೇಳಸಂಗಿಲ್ಲ" ಎಂದು ನಾನು ಹೊರಗಿನಿಂದ ಕೂಗುತ್ತೇನೆ. ಅವಳು ಬಂದ್ ಮಾಡುತ್ತಾಳೆ. ಪಡಸಾಲೆಯಲ್ಲಿ ಬೇಳೆ ಆರಿಸುತ್ತ ಕೂತ ನನ್ನ ಅವ್ವನೂ ಕೈ ನಿಲ್ಲಿಸುತ್ತಾಳೆ. ಆಗ ಶಾರದಾ "ಏನಿಲ್ಲ" ಎನ್ನುತ್ತಾಳೆ. ಇದು ಮಿಕ್ಸಿಯ ದೋಷವೆಂದೇ ನಾನು ನಂಬಿದ್ದೆ. ಕಂಪನಿ ಬದಲಿಸಿಯೂ ನೋಡಿದ್ದೇನೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಬಾಗಿಲಿಗೆ ಅವ್ವ ಹಿತ್ತಾಳೆಯ ಬೋರ್ಡು ಹೊಡೆಸಿದ್ದಾಳೆ. ಅದರಲ್ಲಿ ನನ್ನ ಹೆಸರು, ಹೆಸರಿನ ಹಿಂದೆ ಡಾಕ್ಟರ್ ಎಂಬ ಪದವಿ. ಅದನ್ನು ನೋಡಿ ಓಣಿಯ ಜನ ಕೆಮ್ಮಿಗೆ ಔಷಧ ಕೇಳಿಕೊಂಡು ಬರುತ್ತಾರೆ. ಬಂದವರ ಕೆಮ್ಮನ್ನೂ ನಾನು ಗಮನವಿಟ್ಟು ಕೇಳಿಸಿಕೊಂಡು ಕಳಿಸುತ್ತೇನೆ.

ಇಂಥ ಕಿವಿಯನ್ನು ಹೊತ್ತು ಗುಳೇದಗುಡ್ಡಕ್ಕೆ ಹೋಗಿದ್ದೆ. ಅಲ್ಲಿ ಮನೆಯೊಳಗೇ ಮಗ್ಗ, ಮಗ್ಗದಲ್ಲಿ ಕುಪ್ಪಸದ ಖಣ. ನೇಯುವವರು ಬಹುಪಾಲು ಹೆಂಗಸರು, ಆದರೆ ಸರ್ಕಾರದ ನೇಕಾರ ಕಾರ್ಡು ಇರುವುದು ಗಂಡಸರ ಹೆಸರಿನಲ್ಲಿ. ಹೆಂಗಸರನ್ನು 'ಸಹಾಯಕಿ' ಎಂದು ಬರೆದು ಕೈತೊಳೆದುಕೊಂಡಿರುತ್ತಾರೆ. ಸಾವಕ್ಕನನ್ನು ಕಂಡದ್ದು ಅಲ್ಲಿಯೇ. ಗಂಡ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ದುಡಿದು ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಅತ್ತೆ ಗೌರವ್ವ, ಮೈದುನ ಈರಣ್ಣ. ಈರಣ್ಣನದು ಬಜಾರದಲ್ಲಿ ಮೊಬೈಲ್ ಅಂಗಡಿ, ಕಾರ್ಡೂ ಅವನದೇ. ಸಾವಕ್ಕ ನೇಯುತ್ತಲೇ ತಾಸುಗಟ್ಟಲೆ ನನ್ನೊಡನೆ ಮಾತಾಡಿದಳು. ಮದುವೆಯಾಗಿ ಬಂದಾಗಿನಿಂದ ಮಗ್ಗದಡಿಯ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವಳು ತಾನೊಬ್ಬಳೇ. ಈಗ ಕಾರ್ಡು ಇದ್ದವರಿಗೆ ಹೊಸ ಮಗ್ಗ ಕೊಡುತ್ತಾರಂತೆ. ಅದು ಈರಣ್ಣನ ಹೆಸರಿಗೆ ಬಂದರೆ ಅವನು ಮಾರಿ ಅಂಗಡಿ ದೊಡ್ಡದು ಮಾಡುತ್ತಾನೆ. ಹಳೆಯ ಮಗ್ಗ ಇನ್ನೇನು ಬೀಳುವಂತಿದೆ, ಆಮೇಲೆ ತಾನು ಮಂದಿ ಮನೆಯ ಮಗ್ಗಕ್ಕೆ ಕೂಲಿಗೆ ಹೋಗಬೇಕು. "ನನ್ನ ಹೆಸರು ಬರಬೇಕ್ರಿ, ಅಷ್ಟ" ಎಂದಳು. ನನ್ನ ಸಂಶೋಧನೆಗೆ ಇದಕ್ಕಿಂತ ಏನು ಬೇಕು? ರೆಕಾರ್ಡರನ್ನು ಜೇಬಿಗಿಳಿಸಿ, ಸಾಮಾಜಿಕ ನ್ಯಾಯವನ್ನು ಅರ್ಧ ತಂದುಬಿಟ್ಟೆ ಎಂಬ ಠೀವಿಯಲ್ಲಿ ಬಸ್ಸು ಹತ್ತಿದೆ.

ಮನೆಗೆ ಬಂದು ಕಿವಿಗೆ ಹಚ್ಚಿಕೊಂಡರೆ ಲಟಕ್ ಪಟಕ್, ಲಟಕ್ ಪಟಕ್. ಸಾವಕ್ಕ ಎಲ್ಲೋ ಬಾವಿಯ ತಳದಲ್ಲಿದ್ದಳು. ಎಷ್ಟೋ ಸಂಜೆ ಕೇಳಿದೆ. ರೊಟ್ಟಿ ಅಗಿದರೂ ಲಟಕ್ ಪಟಕ್ ಎನ್ನತೊಡಗಿತು. ಇಡೀ ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿದ್ದದ್ದು ಒಂದೇ ಒಂದು ಮಾತು. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆದ ಮೇಲೆ ಎಳೆ ಕಡಿದು ಮಗ್ಗ ಒಂದು ಗಳಿಗೆ ನಿಲ್ಲುತ್ತದೆ, ಆ ಸಂದಿನಲ್ಲಿ ಸಾವಕ್ಕನ ದನಿ: "ಈರಣ್ಣ ಅದನ್ನ ಮಾರೇ ಮಾರತಾನ, ಅಂವ ಅಂಥಾವ್ನ." ಇದರಿಂದ ಮನೆಯಲ್ಲಿ ಜಗಳ ಹುಟ್ಟೀತು, ಕಾರ್ಡು ಹುಟ್ಟದು. ಕಾರ್ಡಿಗೆ ನೇಯುವವರ ಹೆಸರು ಹೊಸದಾಗಿ ಬರೆದುಕೊಳ್ಳುತ್ತಿದ್ದ ಕೈಮಗ್ಗ ಇಲಾಖೆಯ ಸಾಹೇಬರಿಗೆ ನನಗೆ ನೆನಪಿರುವುದನ್ನೇ ಬರೆದುಕೊಡುತ್ತೇನೆ ಎಂದೆ. ಅವರು ಕೈ ಆಡಿಸಿದರು. "ನಿಮ್ಮ ನೆನಪ ತಗೊಂಡು ಏನ ಮಾಡ್ಲಿ ಸರ? ನೇಯಾಕಿ ತಾನ ಹೇಳಬೇಕು, ನಾ ಕೇಳಬೇಕು. ಈ ವಾರ ಹೆಸರು ಬರಿಯೂದು ಮುಗಸ್ತೇವಿ."

ಮರುದಿನವೇ ಮತ್ತೆ ಗುಳೇದಗುಡ್ಡ. ಈ ಸಲ ತಪ್ಪಬಾರದೆಂದು ರೆಕಾರ್ಡರನ್ನು ಸಾವಕ್ಕನ ಎದುರಿಗೇ ಇಟ್ಟೆ. ನಾನೂ ಇದೇ ಜಿಲ್ಲೆಯವನು, ಆದರೆ ಸಂಶೋಧನೆಗೆ ಕೂತ ಕೂಡಲೇ ನನ್ನ ಬಾಯಿಂದ ಪಾಠದ ಕನ್ನಡ ಬರುತ್ತದೆ. "ಮಗ್ಗ ಸ್ವಲ್ಪ ನಿಲ್ಲಿಸಿ" ಎಂದೆ.

"ನಿಲ್ಲಸಬೇಕೇನ್ರಿ?" ಅವಳು ನನ್ನ ಮುಖ ನೋಡಿದಳು.

"ಹೌದು, ಎರಡೇ ನಿಮಿಷ."

"ಹಿಂಗ ಕೇಳಸಂಗಿಲ್ಲೇನ್ರಿ?"

ಆಗಲಾದರೂ ನನಗೆ ತಿಳಿಯಬೇಕಿತ್ತು. ನಾನು ದನಿಯ ಸ್ಪಷ್ಟತೆಯ ಬಗ್ಗೆ ಸಣ್ಣದೊಂದು ಪಾಠ ಮಾಡಿದೆ. ಅವಳು ನಿಟ್ಟುಸಿರುಬಿಟ್ಟು ಕಾಲು ತಡೆದಳು.

ಮಗ್ಗ ನಿಂತಿತು, ಅದರ ಹಿಂದೆಯೇ ಇಡೀ ಮನೆ ಎದ್ದಿತು. ಒಳಗಿನಿಂದ ಗೌರವ್ವ "ಯಾಕ ನಿಂತಿತ ಮಗ್ಗ? ಸಂಜಿಗೆ ಖಣ ಒಯ್ಯಾಕ ಬರ್ತಾರ, ನೀ ಕೈ ಬಿಟ್ಟು ಕುಂತ್ರ ನೇಯಾವ್ರು ಯಾರ?" ಎನ್ನುತ್ತಲೇ ಬಂದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಅಲ್ಲೇ ಕೂತಳು. ಊಟಕ್ಕೆ ಬಂದಿದ್ದ ಈರಣ್ಣನೂ ಕೈ ಒರೆಸಿಕೊಳ್ಳುತ್ತ ಬಂದು ಕಂಬಕ್ಕೆ ಒರಗಿದ. ಹಿಂದೆ ಸರಿಯುವಂತಿರಲಿಲ್ಲ. ಮಗ್ಗ ನೇಯುವವರು ಯಾರೆಂದು ಕೇಳಿದೆ.

"ನಮ್ಮ ಮೈದುನರು ನೇಯತಾರ್ರಿ. ನಾ ನೂಲು ಸುತ್ತಿ ಕೊಡತೇನಿ" ಎಂದಳು ಸಾವಕ್ಕ, ತಲೆ ತಗ್ಗಿಸಿ. ನನ್ನ ಜೀವಮಾನದಲ್ಲೇ ಅಷ್ಟು ಸ್ವಚ್ಛವಾದ ರೆಕಾರ್ಡಿಂಗ್ ಆಗಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಮೋರೆ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಿದ್ದೆ. ಗೌರವ್ವ ಬಿಡಲಿಲ್ಲ. "ಇಷ್ಟ ಕೇಳಾಕ ಬಂದೀರಿ? ಹಂಗಾರ ಆವತ್ತ ತಾಸಗಟ್ಲೆ ಏನ ಮಾತಾಡಿದ್ರಿ?"

"ಖಣದ ಬಣ್ಣದ ಬಗ್ಗೆ" ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

"ಅದ್ರಾಗ ಇರತೈತಲ್ರಿ" ಎಂದ ಈರಣ್ಣ ರೆಕಾರ್ಡರ್ ತೋರಿಸಿ. "ಹಚ್ಚರಿ, ನಾವೂ ಕೇಳೋಣು."

ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬಾರದೆಂದು ವರ್ಷವರ್ಷ ಪಾಠ ಮಾಡುವವನು ನಾನು. ಆದರೆ ಹಚ್ಚುವುದಿಲ್ಲ ಎಂದರೆ ಒಳಗೆ ಏನೋ ಇದೆಯೆಂದು ನಾನೇ ಸಾರಿದಂತೆ. ಅಲ್ಲಿ ಅನುಭವಿಸಬೇಕಾದವನು ನಾನಲ್ಲ, ನಾನು ಸಂಜೆಯ ಬಸ್ಸಿಗೆ ಹೋಗುವವನು. ಹಚ್ಚಿದೆ.

ಲಟಕ್ ಪಟಕ್. ಗೌರವ್ವ ಕಿವಿ ಹತ್ತಿರ ತಂದಳು. "ಬರೇ ಮಗ್ಗದ ಸಪ್ಪಳ ಐತಲ್ಲೋ."

"ತಡಿಯವ್ವ, ಮುಂದ ಇರತೈತಿ" ಎಂದ ಮಗ.

ಮುಂದೆ ಏನಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಇಷ್ಟು ಸಂಜೆ ನಾನು ಶಪಿಸಿದ ಆ ಸದ್ದಿಗೆ ಈಗ ಒಳಗೊಳಗೇ ಕೈ ಮುಗಿದೆ. ನಿಲ್ಲಬೇಡಪ್ಪಾ, ನಿಲ್ಲಬೇಡ. ರೆಕಾರ್ಡರಿನಲ್ಲಿ ಕುಕ್ಕರ್ ಸೀಟಿ ಹೊಡೆಯಿತು. "ಅಯ್ಯ, ನಮ್ಮ ಕುಕ್ಕರ!" ಎಂದು ಗೌರವ್ವ ಹಿಗ್ಗಿದಳು. ಸಾವಕ್ಕನತ್ತ ನೋಡಿದೆ, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಓದಿಕೊಂಡಳೋ, "ಅತ್ತಿ, ಸಂಜಿಗೆ ಖಣ ಕೊಡಬೇಕಲ್ಲ, ಹೊತ್ತಾತು" ಎಂದವಳೇ ಮಗ್ಗ ಶುರುಮಾಡಿದಳು. ಮಗ್ಗದ ಲಟಕ್ ಪಟಕ್ ರೆಕಾರ್ಡರಿನ ದನಿಯನ್ನು ನುಂಗಿಹಾಕಿತು. ಅದರಡಿಯಲ್ಲಿ ಈರಣ್ಣನ ಹೆಸರು ಬಂದುಹೋದದ್ದು ನನಗೊಬ್ಬನಿಗೇ ಗೊತ್ತು. ಈರಣ್ಣ ಬೇಸತ್ತು ಅಂಗಡಿಗೆ ಹೊರಟ. ಗೌರವ್ವ ಒಳಗೆ ಹೋದಳು.

ಸಾವಕ್ಕ ಕಣ್ಣೆತ್ತದೆ, ಕೈ ನಿಲ್ಲಿಸದೆ ಹೇಳಿದಳು. "ಸಾಹೇಬ್ರನ್ನ ಕರಕೊಂಡು ಬರ್ರಿ. ಈಗ ನೀವು ಹೇಳಿದಂಗ ಮಗ್ಗ ನಿಲ್ಲಸು ಅನ್ಲಿ. ಮತ್ತೇನೂ ಕೇಳಬ್ಯಾಡ್ರಿ, ಸುಮ್ಮನ ಕುಂದರ್ಲಿ."

ಸಾಹೇಬರಿಗೆ ಒಂದು ಮಾತಾಡಿ ಆಮೇಲೆ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳುವುದು ಸುಲಭವಲ್ಲ. ವಿನಯದ ಹತ್ತು ಸುತ್ತು ಸುತ್ತಿ ಹೇಳಿದೆ. ಬಂದರು. ಈರಣ್ಣ ಇಸ್ತ್ರಿಯ ಅಂಗಿ ತೊಟ್ಟು, "ನೇಯಾವ ನಾನ್ರಿ, ಇವತ್ತ ಅಷ್ಟ ಅತ್ತಿಗಿ ಕುಂತಾಳ" ಎನ್ನುತ್ತ ಮಗ್ಗದ ಪಕ್ಕದಲ್ಲೇ ಮಾಲೀಕನ ಹಾಗೆ ಕೂತ. ಸಾಹೇಬರು "ಮಗ್ಗ ಸ್ವಲ್ಪ ನಿಲ್ಲಸವ್ವ" ಎಂದರು. ನಿಂತಿತು.

ಒಳಗಿನಿಂದ ಸದ್ದಿಲ್ಲ. ಗೌರವ್ವ ಗುಡಿಗೆ ಹೋದಳೋ, ನೆರೆಮನೆಗೆ ಹೋದಳೋ, ಇಲ್ಲಾ ಮಗ ಹೇಳಿಕೊಟ್ಟಿದ್ದಾನೋ? ಸಾಹೇಬರು ಗಡಿಯಾರ ನೋಡಿಕೊಂಡರು. ಸಾವಕ್ಕ ಮಗ್ಗದ ಹಣಿಗೆಯ ಮೇಲೆ ಕೈಯಿಟ್ಟು ಕೂತಿದ್ದಳು. ಆಗ ಕೇಳಿತು. "ಮತ್ತ ನಿಂತಿತ? ನೀ ಕುಂತ್ರ ಈ ಮನ್ಯಾಗ ನೇಯಾವ್ರು ಯಾರ ಅದಾರವಾ?" ಕೈಗೆ ರೊಟ್ಟಿಹಿಟ್ಟು ಮೆತ್ತಿಕೊಂಡೇ ಗೌರವ್ವ ಹೊರಗೆ ಬಂದಳು.

ಸಾಹೇಬರು ಈರಣ್ಣನನ್ನು ನೋಡಿದರು. "ಅವ್ವಾ..." ಎಂದ ಅವನು. ಗೌರವ್ವನಿಗೆ ಅರ್ಥವಾಯಿತು. ಅವಳು ಆಡಿದ್ದನ್ನು ತಿರುಚಬಹುದಿತ್ತು, ತಿರುಚಿಬಿಡುತ್ತಾಳೆಂದೇ ನಾನು ಅಂದುಕೊಂಡೆ. ಅವಳು ಮಗನನ್ನು ನೋಡಿದಳು, ಮಗ್ಗದಲ್ಲಿದ್ದ ಸೊಸೆಯನ್ನು ನೋಡಿದಳು. "ಏನ, ಸುಳ್ಳ ಹೇಳಿನೇನು? ಹಲ್ಲ ಉದರೂ ಮಟ ನಾನೂ ಇದ ಕುಣ್ಯಾಗ ಕುಂತು ನೇಯ್ದೆ. ನನ್ನ ಹೆಸರು ಯಾರೂ ಬರೀಲಿಲ್ಲ. ಇಕಿದಾದ್ರೂ ಬರಕೊಳ್ರಿ" ಎಂದಳು.

ಅವರು ಬರೆದುಕೊಂಡರು. ಈರಣ್ಣ ಎದ್ದು ಹೋದ. ಸಾವಕ್ಕ ಮಗ್ಗ ಶುರುಮಾಡಿದಳು, ಹಿಂದೆಂದಿಗಿಂತ ಜೋರಾಗಿ. ನನ್ನ ಕಣ್ಣು ಒದ್ದೆಯಾಗಿತ್ತು. ಅಂದು ನನಗೆ ನಿಜಕ್ಕೂ ಸಂತೋಷವಾಗಿತ್ತು.

ಆ ಸಂತೋಷದಲ್ಲೇ ಮನೆಗೆ ಬಂದೆ. ಪಡಸಾಲೆಯಲ್ಲಿ ಅವ್ವ ಬೇಳೆ ಆರಿಸುತ್ತಿದ್ದಳು. ಅಡುಗೆಮನೆಯಲ್ಲಿ ಮಿಕ್ಸಿ ಶೇಂಗಾ ಅರೆಯುತ್ತಿತ್ತು, ಆ ಸದ್ದಿನೊಳಗಿಂದ ಶಾರದಾ ಏನೋ ಹೇಳಿದಳು. "ಬಂದ್ ಮಾಡ..." ಎಂದು ಬಾಯಿ ತೆರೆದವನು ಅರ್ಧಕ್ಕೇ ನಿಂತೆ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಒಳಗೆ ಹೋಗಿ ಅವಳ ಬಾಯಿಯ ಹತ್ತಿರ ಕಿವಿ ಒಯ್ದೆ.

"ಈ ಮನಿ ಕಟ್ಟೋದ್ರಾಗ ನನ್ನ ಪಗಾರನೂ ಐತಿ" ಎಂದಳು ಶಾರದಾ, ಮಿಕ್ಸಿಯ ಮುಚ್ಚಳ ಒತ್ತಿಹಿಡಿದು. "ಬಾಗಲದ ಬೋರ್ಡಿಗೆ ನಂದೂ ಹೆಸರು ಹಾಕಸ್ರಿ ಅಂತ ಎಷ್ಟ ಸಲ ಹೇಳಬೇಕು ನಿಮಗ?"

"ಏನ ಅಂತಾಳೋ ಅಕಿ?" ಪಡಸಾಲೆಯಿಂದ ಅವ್ವ ಕೂಗಿದಳು.

"ಏನಿಲ್ಲವ್ವಾ" ಎಂದೆ ನಾನು.

ಚಟ್ನಿ ಆಗಲೇ ನುಣ್ಣಗಾಗಿತ್ತು. ಶಾರದಾ ನನ್ನನ್ನೇ ನೋಡುತ್ತ ನಿಂತಿದ್ದಳು. ಮಿಕ್ಸಿ ಬಂದ್ ಮಾಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ.