ನನ್ನನ್ನು ತಡೆಯುವವರು ಹುಟ್ಟಿರಲಿಲ್ಲ

ಹಳೆಯ ಆಟಗಾರನಿಗೆ ಮಂಡಿನೋವಿಗಿಂತ ದೊಡ್ಡ ಕಾಯಿಲೆ ಒಂದಿದೆ: ತನಗಿನ್ನೂ ವಯಸ್ಸಾಗಿಲ್ಲ ಎಂದುಕೊಳ್ಳುವುದು. ಅದು ನನಗೆ ಅಂಟಿ ಬಹಳ ಕಾಲವಾಯಿತು. ಅರವತ್ಮೂರಾದರೂ ಭಾನುವಾರ ಬಂತೆಂದರೆ ಚಡ್ಡಿ ಏರಿಸಿ, ಮಂಡಿಗೆ ಪಟ್ಟಿ ಸುತ್ತಿ ಬ್ಯಾಸ್ಕೆಟ್‌ಬಾಲ್ ಆಡಲು ಹೊರಡುತ್ತೇನೆ. "ಮೊಮ್ಮಕ್ಕಳ್ನ ಆಡ್ಸೋ ವಯಸ್ಸಲ್ಲಿ ನೀವೇ ಆಡಕ್ಕೋಯ್ತೀರಲ್ಲ!" ಎನ್ನುತ್ತಾಳೆ ಹೆಂಡತಿ. ವಾರ ವಾರ ಹನ್ನೆರಡು ಪಾಯಿಂಟು ಹೊಡೆಯುವವನು ಮನೆಯಲ್ಲಿ ಕೂರಬೇಕೇನೇ ಎಂದು ವಾದಿಸುತ್ತೇನೆ. "ಆಯ್ತು ಬುಡಿ, ನೀವೇ ಸರಿ" ಎಂದು ಸೋಲೊಪ್ಪುತ್ತಾಳೆ. ಕೋರ್ಟಿನಲ್ಲೂ ಗೆಲುವು, ಮನೆಯಲ್ಲೂ ಗೆಲುವು. ನನ್ನನ್ನು ತಡೆಯುವ ಗಂಡು ಈ ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಸೊಕ್ಕಿಗೆ ಕಾರಣವೂ ಇತ್ತೆನ್ನಿ. ನಮ್ಮ ಕ್ಯಾತನಹಳ್ಳಿಯಲ್ಲಿ ಮೊದಲ ಕಂಬ ನೆಟ್ಟವನು ನಾನು. ರಿಂಗು ಬೇಕೆಂದು ಕುಲುಮೆಗೆ ಹೋದಾಗ ಆಚಾರಿ, "ತಳ ಇಲ್ದಿರೋ ಬುಟ್ಟಿಗೆ ಯಾಕ್ಲಾ ಕಬ್ಬಿಣ ದಂಡ ಮಾಡೀಯೆ?" ಎಂದು ಬೈದುಕೊಂಡೇ ಬಡಿದುಕೊಟ್ಟ. ಬಲೆ ಸಿಗದೆ, ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ತಳ ಕತ್ತರಿಸಿ ನೇತುಹಾಕಿದೆ. ಮಾರನೆಯ ದಿನ ಬಾಯಿ ಬಿಡುವಾದ ಎತ್ತು ಪಕ್ಕದವರ ಕಬ್ಬಿಗೆ ನುಗ್ಗಿತು. ಅಪ್ಪ ನನ್ನ ಬೆನ್ನ ಮೇಲೆ ಡ್ರಿಬಲ್ ಮಾಡಿದರು. ಆಮೇಲೆ ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ, ಎಲ್ಲಿ ಕ್ಲಬ್ಬು ಶುರುವಾದರೂ ಗುದ್ದಲಿ ಹಿಡಿದು ಬಸ್ಸು ಹತ್ತುತ್ತಿದ್ದೆ. ಕಂಬ ನೆಟ್ಟು, ಆಟ ಕಲಿಸಿ, "ನನ್ನ ಮೀರ್ಸೋರು ಒಬ್ರಾದ್ರೂ ಬನ್ರಲಾ!" ಎನ್ನುತ್ತಿದ್ದೆ. ಯಾರೂ ಬರಲಿಲ್ಲ. ಒಳಗೊಳಗೇ ಅದೂ ಖುಷಿಯೇ.

ಹೋದ ತಿಂಗಳು ಶ್ರೀರಂಗಪಟ್ಟಣದಲ್ಲಿ ಅಭ್ಯಾಸ ಪಂದ್ಯ, ಗಂಡು ಹೆಣ್ಣು ಬೆರೆತು ಆಡುವುದು. ಎದುರು ತಂಡದಲ್ಲಿ ಅಕ್ಕಿಹೆಬ್ಬಾಳಿನಿಂದ ಹೊಸದಾಗಿ ಬಂದ ರಮ್ಯ ಎಂಬ ಹುಡುಗಿ. ಚೆಂಡು ಹಿಡಿದು ನುಗ್ಗಿದೆ. ಎಂದಿನಂತೆ ದಾರಿ ತೆರೆಯಿತು. ಎಸೆದೆ. ಎಲ್ಲಿಂದಲೋ ಹಾರಿಬಂದ ರಮ್ಯ ಫಟ್ ಎಂದು ಬಾರಿಸಿದಳು. ಚೆಂಡು ಬೇಲಿ ದಾಟಿತು, ನಾನು ಕುಂಡಿ ಊರಿ ಕೂತೆ. ಅವರ ನಾಯಕ, ನನ್ನ ಹಳೆಯ ಶಿಷ್ಯ ಶಿವಣ್ಣ ಓಡಿಬಂದ. "ಏನವ್ವಾ ಇಂಗ್ಮಾಡ್ಬುಟ್ಟೆ! ಗುರುಗಳು ಬಂದ್ರೆ ಜಾಗ ಬುಡ್ಬೇಕು ಅಂತ ನಿಂಗ್ಯಾರೂ ಯೋಳಿಲ್ವಾ?"

"ಏನ್ಲಾ ಅಂದೆ?" ಎಂದೆ ನಾನು.

ಶಿವಣ್ಣ ತಲೆ ಕೆರೆದುಕೊಂಡ. "ಕಂಬ ನೆಟ್ಟೋರು ನೀವು. ಅಡ್ಡ ನಿಂತ್ರೆ ಚೆಂದಾಗಿರಕಿಲ್ಲ ಅಂತ ನಾಕು ತಾಲ್ಲೂಕ್ನೋರೂ ಮಾತಾಡ್ಕೊಂಡಿದ್ವಿ, ಗುರುಗಳೇ."

"ಎಷ್ಟು ವರ್ಷದಿಂದ?"

"ನಿಮ್ ಅರವತ್ತರಿಂದ... ಸುಳ್ಳೇಳ್ಬಾರ್ದು, ಐವತ್ತರಿಂದ."

ಹದಿಮೂರು ವರ್ಷ ನಾನು ಹೊಡೆದ ಪಾಯಿಂಟೆಲ್ಲ ಪ್ರಸಾದ! ಅಳುವೇ ಬಂದಂತಾಯಿತು. ಆದರೆ ಆ ಹುಡುಗಿ ಹಾರಿದ್ದು ಕಣ್ಣಿಗೆ ಕಟ್ಟಿತ್ತು. ಅಬ್ಬಾ, ಎಂಥಾ ನೆಗೆತ! ಇಂಥವರು ನಮ್ಮ ಕಡೆ ಹುಟ್ಟಲಿ ಎಂದಲ್ಲವೇ ನಾನು ಗುಂಡಿ ತೋಡಿದ್ದು? ಕೂತಲ್ಲೇ ಹೊಟ್ಟೆ ಹಿಡಿದು ನಕ್ಕೆ. ಎದ್ದು ಮತ್ತೆ ನುಗ್ಗಿದೆ. ಪಾಪ, ಈ ಸಲ ಅವಳೂ ಪಕ್ಕಕ್ಕೆ ಸರಿದಳು. ಮೈ ಉರಿಯಿತು. "ಅಡ್ಡ ಬಾರವ್ವೋ ತಾಯಿ! ಬರ್ದಿದ್ರೆ ಈ ಕಂಬ ಕಿತ್ಕೊಂಡು ಮನೆಗೋಯ್ತೀನಿ!" ಬಂದಳು. ಫಟ್. ಮತ್ತೆ ನುಗ್ಗಿದೆ, ಫಟ್. ಅಂಥ ಸುಖ ನಾನು ಯಾವ ಪಾಯಿಂಟಿನಲ್ಲೂ ಕಂಡಿರಲಿಲ್ಲ.

ಮನೆಗೆ ಬಂದೊಡನೆ "ಎಷ್ಟು ಒಡುದ್ರಿ?" ಎಂದಳು ಹೆಂಡತಿ. ಸೊನ್ನೆ ಎಂದೆ. "ಮತ್ಯಾಕೆ ಅಲ್ಲು ಕಿಸೀತಿದ್ದೀರಿ?" ನಡೆದದ್ದನ್ನೆಲ್ಲ ಹೇಳಿ, ಇನ್ನು ಮೇಲೆ ದಿನಾ ಹೋಗಿ ಅಭ್ಯಾಸ ಮಾಡಬೇಕು, ಏನಂತೀಯೆ ಎಂದೆ.

"ಆಯ್ತು ಬುಡಿ, ನೀವೇ ಸರಿ" ಎಂದು ಒಳಗೆ ಹೋದಳು.

ಮದುವೆಯಾದಾಗಿನಿಂದ ಈ ಮನೆಯಲ್ಲಿ ನಾನು ಗೆದ್ದ ವಾದಗಳೆಲ್ಲ ಸಾಲಾಗಿ ನೆನಪಿಗೆ ಬಂದವು. ಕೇಳಿಬಿಡೋಣ ಎಂದು ಅಡುಗೆಮನೆ ಬಾಗಿಲವರೆಗೂ ಹೋದೆ. ಆದರೆ "ಅಡ್ಡ ಬಾರೆ" ಎನ್ನುವ ಧೈರ್ಯ ನನಗೆ ಕೋರ್ಟಿನಲ್ಲಿ ಮಾತ್ರ.