ಟೈಗರನ ಕೊರಳಿಗೆ ಕರುವಿನ ಗಂಟೆ

ಮಕ್ಕಳೇ, ಮನೆಗೆ ನಾಯಿಮರಿ ತರುತ್ತಿದ್ದೀರಂತೆ. ಅದು ಬರುವ ಮುಂಚೆ ಏನೇನು ಸಿದ್ಧತೆ ಮಾಡಬೇಕು ಎಂದು ನನ್ನನ್ನು ಕೇಳಿದ್ದೀರಿ. ನಾಲ್ಕು ಜನರ ಮುಂದೆ ಬಾಯಿಬಿಡದ ನನ್ನನ್ನು ಯಾರಾದರೂ ಪಂಡಿತೆ ಎಂದುಕೊಂಡು ಸಲಹೆ ಕೇಳಿದ್ದು ಇದೇ ಮೊದಲು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಓದಿ. ಆಮೇಲೆ ಬೇರೆ ಯಾರನ್ನಾದರೂ ಕೇಳಿ.

ಆಗ ಕೊಡಗು ಬೇರೆಯೇ ರಾಜ್ಯ. ಸೋಮವಾರಪೇಟೆ ಕಡೆಯ ನಿಮ್ಮ ಅಜ್ಜನ ಮನೆಗೆ ನಾನು ಹೊಸ ಸೊಸೆ. ಅಜ್ಜ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ಅತ್ತೆಯ ಎದುರು ನಿಂತರೆ ನನ್ನ ನಾಲಿಗೆ ಒಣಗುತ್ತಿತ್ತು. ಹಗಲೆಲ್ಲ ನಾನು ಮಾತಾಡುತ್ತಿದ್ದುದು ಚಂದ್ರಿ ಎಂಬ ಹಸುವಿನ ಜೊತೆ ಮಾತ್ರ. ಕರು ಹಾಕಿದ ಮೇಲೆ ಅವಳೂ ನನಗೆ ಕಿವಿ ಕೊಡುವುದನ್ನು ಬಿಟ್ಟಳು!

ಎಸ್ಟೇಟಿನ ನಾಯಿ ಮರಿ ಹಾಕಿದೆ ಎಂದು ಕೇಳಿದಾಗ, "ನಂಗೊಂದು ತಂದುಕೊಡ್ತೀರಾ?" ಎಂದುಬಿಟ್ಟೆ. ಮದುವೆಯಾದ ಮೇಲೆ ನಾನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಅಜ್ಜ ಹಿಗ್ಗಿದರು. ಅತ್ತೆ ಹಿಗ್ಗಲಿಲ್ಲ.

"ನೋಡು ಗೌರಿ, ಲಿಂಗಪೂಜೆ ನಡೆಯೋ ಮನೆ ಇದು. ನಾಯಿ ಜಗಲಿ ಮೇಲೆ ಇರಲಿ, ನಾ ಬೇಡ ಅನ್ನಲ್ಲ. ಹೊಸ್ತಿಲು ದಾಟ್ತು ಅಂದ್ರೆ ಅವತ್ತೇ ಎಸ್ಟೇಟಿಗೆ ವಾಪಸ್ಸು. ಎರಡ್ನೇ ಮಾತಿಲ್ಲ."

ಅತ್ತೆಯವರು ಎರಡನೇ ಮಾತಾಡಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ.

ನಾನು ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಸಿದ್ಧತೆಗೆ ಇಳಿದೆ. ಕಾಫಿ ಕುಯ್ಯುವ ಹಳೇ ಬುಟ್ಟಿಗೆ ಹರಕು ಸೀರೆ ಹಾಸಿದೆ. ಮರಿಯ ಕಣ್ಣಿಗೆ ಬೀಳುವುದೆಲ್ಲ ನನ್ನ ಕಣ್ಣಿಗೂ ಬೀಳಬೇಕಲ್ಲ ಎಂದು, ಸೆರಗು ಸಿಕ್ಕಿಸಿ ಜಗಲಿಯ ಮೇಲೆ ನಾಲ್ಕೂ ಕಾಲಿನಲ್ಲಿ ತೆವಳಿದೆ. ಮೂಲೆಯಲ್ಲಿ ಮಾವನವರ ಚಪ್ಪಲಿ ಕಂಡಿತು. ಅದರ ಪಕ್ಕದಲ್ಲಿ ಅತ್ತೆಯವರ ಪಾದ.

"ಏನಾಯ್ತೇ? ಸೊಂಟ ಹಿಡ್ಕಂತಾ?"

"ಇಲ್ಲ ಅತ್ತೆ... ನಾಯಿ ಹೆಂಗೆ ನೋಡ್ತದೆ ಅಂತ..."

ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನನಗೆಂದು ಮೆಣಸಿನ ಕಷಾಯ ಬಂತು.

ಮರಿ ಬಂತು. ಎಸ್ಟೇಟಿನವರು ಅದಕ್ಕೆ ಟೈಗರ್ ಎಂದು ಹೆಸರಿಟ್ಟಿದ್ದರು. ಬೆಕ್ಕು ಆಕಳಿಸಿದರೂ ಬುಟ್ಟಿಯೊಳಗೆ ಮುಖ ಹುದುಗಿಸುವ ಟೈಗರ್! ಹಾಲು ಕಲಸಿದ ಮುದ್ದೆ ತಿಂದು ನನ್ನ ಅಂಗೈಯಲ್ಲೇ ನಿದ್ದೆ ಹೋಯಿತು. ನಾನು ಹೇಳಿದ್ದನ್ನೆಲ್ಲ ತಲೆ ಓರೆ ಮಾಡಿ ಕೇಳಿತು. ಅಷ್ಟಾದ ಮೇಲೆ ಅದನ್ನು ವಾಪಸ್ಸು ಕಳಿಸುವುದೆಂದರೆ!

ಮರುದಿನವೇ ಪರೀಕ್ಷೆ. ಮನೆಗೆ ಐನೋರು, ಎಂದರೆ ನಮ್ಮ ಜಂಗಮ ಗುರುಗಳು, ಪೂಜೆಗೆ ಬರುವವರಿದ್ದರು. ಅತ್ತೆ ಬೆಳಗ್ಗೆಯೇ ನನ್ನನ್ನು ನೋಡಿದರು, ಮರಿಯನ್ನು ನೋಡಿದರು, ಹೊಸ್ತಿಲನ್ನು ನೋಡಿದರು.

ಅಡುಗೆಮನೆಯಲ್ಲಿದ್ದುಕೊಂಡು ಮರಿಯನ್ನು ಕಾಯುವುದು ಹೇಗೆ? ನನ್ನ ತಲೆಗೆ ಅಮೋಘವಾದ ಉಪಾಯ ಹೊಳೆಯಿತು. ನಮ್ಮ ಕಡೆ ಕುರುಚಲು ಕಾಡಿಗೆ ಮೇಯಲು ಬಿಡುವ ಕರುವಿನ ಕೊರಳಿಗೆ ಮರದ ಗಂಟೆ ಕಟ್ಟುತ್ತೇವೆ. ಕರು ಎಲ್ಲಿದೆ ಎಂದು ಸದ್ದೇ ಹೇಳುತ್ತದೆ. ಅಂದು ಐನೋರ ಪಾಯಸಕ್ಕೆಂದು ಚಂದ್ರಿಯ ಹಾಲನ್ನೆಲ್ಲ ಕರೆದು, ಕರುವನ್ನು ಹಿತ್ತಿಲ ಕೋಣೆಯಲ್ಲಿ ಕೂಡಿಹಾಕಿದ್ದೆ. ಕೂಡಿಹಾಕಿದ ಕರುವಿಗೆ ಗಂಟೆ ಯಾಕೆ? ಬಿಚ್ಚಿ ತಂದು ಟೈಗರನ ಕೊರಳಿಗೆ ಕಟ್ಟಿದೆ. ಲೊಟ ಲೊಟ ಎಂದು ಜಗಲಿಯಲ್ಲೇ ಸದ್ದು ಕೇಳಿದರೆ ಕ್ಷೇಮ. ಹತ್ತಿರ ಬಂದರೆ ಓಡುವುದು. ಇಷ್ಟು ಬುದ್ಧಿವಂತೆಯನ್ನು ಹಳ್ಳಿ ಶಾಲೆಯಿಂದ ಬೇಗನೆ ಬಿಡಿಸಿದ್ದು ಅನ್ಯಾಯ ಎಂದೂ ಅನಿಸಿತು.

ಪೂಜೆ ಮುಗಿಯಿತು. ನಡುಮನೆಯಲ್ಲಿ ಬಾಳೆಎಲೆ ಹಾಸಿ ಬಡಿಸಿದೆವು. ಐನೋರು ಕೂತರು, ಮಾವ ಕೂತರು, ಅಜ್ಜ ಕೂತರು. ಹೊರಗೆ ಲೊಟ ಲೊಟ.

ಕೊಟ್ಟಿಗೆಯಿಂದ "ಅಂಬಾ!" ಎಂಬ ಕೂಗು.

ಮತ್ತೆ ಲೊಟ ಲೊಟ. ಮತ್ತೆ "ಅಂಬಾ!" ಈ ಸಲ ಅದರ ಹಿಂದೆಯೇ ಹಗ್ಗ ಕಿತ್ತ ಸದ್ದು.

ಪಾಯಸದ ಸೌಟು ಅಲ್ಲೇ ಬಿಟ್ಟು ಜಗಲಿಗೆ ಓಡಿದೆ. ಬೆಳಗಿನಿಂದ ಕರು ಕಾಣದ ಚಂದ್ರಿ ಕೊಂಬು ತಗ್ಗಿಸಿ ಅಂಗಳ ದಾಟಿ ಬರುತ್ತಿದ್ದಳು. ಅವಳ ಕಣ್ಣು ಟೈಗರನ ಮೇಲೆ. ಟೈಗರನ ಕಣ್ಣು ಬಾಗಿಲ ಮೇಲೆ! ಇನ್ನು ಎರಡು ನೆಗೆತ, ಹೊಸ್ತಿಲು ದಾಟಿತು, ಎಸ್ಟೇಟಿಗೆ ಹೋಯಿತು ಎಂದೇ ತಿಳಿದೆ. ಹಾರಿ ಹಿಡಿದು ಬುಟ್ಟಿಗೆ ತುರುಕಿದೆ. ಗಂಟೆಯ ಗಂಟು ಬಿಚ್ಚಿದೆ. ಸದ್ದಿಲ್ಲದಿದ್ದರೆ ಹಸು ನಿಲ್ಲುತ್ತದೆ ಎಂದು ನನ್ನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಚಂದ್ರಿ ಜಗಲಿ ಹತ್ತಿದಳು. ನಾನು "ಅಯ್ಯೋ!" ಎಂದು ಒಳಗೆ ಓಡಿದೆ.

ಗಂಟೆ ನನ್ನ ಕೈಯಲ್ಲೇ ಇತ್ತು.

ಲೊಟ ಲೊಟ ಲೊಟ! ನಾನು ಕಂಬ ಸುತ್ತಿದೆ, ಚಂದ್ರಿಯೂ ಕಂಬ ಸುತ್ತಿದಳು. ಮಾವ ಗೋಡೆಗೆ ಅಂಟಿದರು. ಅಜ್ಜ ಎಲೆಯ ಮುಂದೆ ಎದ್ದು ನಿಂತು, "ಗೌರೀ, ಕೈ! ಕೈ!" ಎಂದರು. ಕೈ ಹಿಡಿಯಲು ಕರೆಯುತ್ತಿದ್ದಾರೆಂದು ನಾನು ಅವರ ಕಡೆಗೇ ಓಡಿದೆ. ಅವರೂ ಓಡಿದರು!

"ಅದನ್ನ ಬಿಸಾಕೇ ಮಾರಾಯ್ತಿ!" ಎಂದು ಅತ್ತೆ ಕೂಗಿದರು.

ಬಿಸಾಕಿದೆ. ಅದು ಹೋಗಿ ಬಿದ್ದದ್ದು ಐನೋರ ಎಲೆಯ ಮುಂದೆ. ಚಂದ್ರಿ ಅಲ್ಲಿಗೆ ನಡೆದು, ಗಂಟೆ ಮೂಸಿ, ಕರುವಿಲ್ಲದ್ದು ಕಂಡು, ಬಂದದ್ದಕ್ಕೆ ಹೋಳಿಗೆಯ ಸಮೇತ ಎಲೆಯನ್ನು ತಿನ್ನತೊಡಗಿದಳು.

ಮಾವ ದೊಣ್ಣೆ ಹುಡುಕಿದರು. ಐನೋರು ಕೈ ಅಡ್ಡ ಹಿಡಿದು, "ಹೊಡೀಬೇಡಿ. ಕರು ಹುಡುಕ್ಕಂಡು ಬಂದವಳೆ, ಹಸ್ಕಂಡವಳೆ. ತಿನ್ಲಿ ಬಿಡಿ" ಎಂದು ಪಕ್ಕಕ್ಕೆ ಸರಿದು ಕೂತರು.

ಆಗ ಅತ್ತೆ ಬಾಗಿಲ ಕಡೆ ತಿರುಗಿದರು. ಬುಟ್ಟಿ ಮಗುಚಿ ಬಿದ್ದಿತ್ತು. ಟೈಗರ್ ಹೊಸ್ತಿಲಿಗೆ ಗಲ್ಲ ಊರಿ ಒಳಗಿನ ವೈಭವ ನೋಡುತ್ತಿತ್ತು. ಅತ್ತೆ ಹತ್ತಿರ ಹೋಗಿ, ಸೆರಗು ಸಿಕ್ಕಿಸಿ, ನೆಲದವರೆಗೆ ಬಗ್ಗಿ ಅದರ ಮುಂಗಾಲು ನೋಡಿದರು. ಬಹಳ ಹೊತ್ತು ನೋಡಿದರು.

"ದಾಟಿಲ್ಲ," ಎಂದರು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, "ಈ ಮನೇಲಿ ನಾ ಹೇಳಿದ್ದು ಕೇಳಿದ್ದು ಇದೊಂದೇ. ಇರ್ಲಿ ಇದು. ಗಂಟೆ ಮಾತ್ರ ಇನ್ಮೇಲೆ ಸೊಸೆ ಕೊರಳಿಗೆ ಕಟ್ಟಿ, ಎಲ್ಲಿ ಏನು ಮಾಡ್ತಾ ಅವಳೆ ಅಂತನಾದ್ರೂ ತಿಳೀಲಿ!" ಎಂದರು.

ಐನೋರು ಮೊದಲು ನಕ್ಕರು. ಕೊನೆಗೆ ಅತ್ತೆಯೂ ನಕ್ಕರು. ಆ ಮನೆಯಲ್ಲಿ ನಾನೂ ಗಟ್ಟಿಯಾಗಿ ನಕ್ಕದ್ದು ಅಂದೇ ಮೊದಲು.

ಟೈಗರ್ ಮುದಿಯಾಗುವವರೆಗೂ ನಮ್ಮ ಜಗಲಿಯಲ್ಲೇ ಇತ್ತು. ಒಂದು ದಿನವೂ ಹೊಸ್ತಿಲು ದಾಟಲಿಲ್ಲ. ಅದಕ್ಕೆ ಕಾರಣ ನನ್ನ ತರಬೇತಿ ಎಂದು ಊರಿಗೆಲ್ಲ ಹೇಳಿಕೊಂಡೆ. ಒಳಗೆ ಹಸು ಇರುತ್ತದೆ ಎಂಬ ಭಯ ಎಂದು ಅಜ್ಜ ಹೇಳುತ್ತಿದ್ದರು. ಅವರು ಇರುವವರೆಗೂ ನಾನು ಬಡಿಸಲು ನಡುಮನೆಗೆ ಬಂದರೆ ಸಾಕು, "ಚಂದ್ರಿ ಬಂದ್ಲು, ಎಲೆ ಎತ್ಕೊಳ್ಳಿ!" ಎಂದು ಎಲ್ಲರಿಗೂ ಎಚ್ಚರಿಕೆ ಕೊಡುತ್ತಿದ್ದರು.

ನಿಮ್ಮ ಮರಿ ಬರುವ ದಿನ ನಾನೂ ಬಂದು ಸಹಾಯ ಮಾಡುತ್ತೇನೆ. ನೀವು ಮಾಡಬೇಕಾದ ಸಿದ್ಧತೆ ಒಂದೇ. ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಕೈಗೆ ಏನೂ ಕೊಡಬೇಡಿ.